ಪೊಟರೆ ಬಿಟ್ಟು ಬರದ ಸನ್ಯಾಸಿ ದುಂಬಿ

[ದೃಶ್ಯ: ತಿಪಟೂರು ಹತ್ತಿರದ ತೆಂಗಿನ ತೋಟ. ಕಂಬಕ್ಕೆ ಕಟ್ಟಿದ ಪ್ಲಾಸ್ಟಿಕ್ ಬಕೆಟ್.]

ನಮಸ್ಕಾರ. ಈ ಬಕೆಟ್ ಯಾಕೆ ಕಟ್ಟಿದ್ದಾರೆ ಅಂತ ನಮ್ಮ ತುಮಕೂರು ಕಡೆಯ ತೆಂಗು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಒಳಗೆ ಚಿಕ್ಕದೊಂದು ವಾಸನೆಯ ಪೊಟ್ಟಣ ಇರುತ್ತೆ. ಅದರ ಆಸೆಗೆ ಬಂದ, ತೆಂಗಿನ ಸುಳಿ ಹಾಳು ಮಾಡುವ ರೈನೋಸರಸ್ ದುಂಬಿ ಬಕೆಟ್‌ಗೆ ಬಿದ್ದರೆ ಕಥೆ ಮುಗಿಯಿತು. ಗಂಡು ದುಂಬಿ ತನ್ನ ಜಾತಿಯವರನ್ನು ಕರೆಯೋಕೆ ಬಿಡುವ ವಾಸನೆಯನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಇಲ್ಲಿ ಕಟ್ಟಿರುತ್ತಾರೆ. ಮೋಹಕ ಬಲೆ ಅಂತಾರೆ.

ಯುರೋಪಿನಲ್ಲೂ ಇಂಥದ್ದೇ ಬಲೆ ಕಟ್ಟುತ್ತಾರೆ. ಆದರೆ ಅಲ್ಲಿ ಬಿದ್ದ ದುಂಬಿಯನ್ನು ಎಣಿಸಿ, ಹುಷಾರಾಗಿ ವಾಪಸ್ ಬಿಡುತ್ತಾರೆ. ಅದು ಹರ್ಮಿಟ್ ಬೀಟಲ್, ಸನ್ಯಾಸಿ ದುಂಬಿ ಅನ್ನೋಣ. ವಿಜ್ಞಾನಿಗಳು ಆಸ್ಮೋಡರ್ಮಾ ಎರೆಮಿಟಾ ಅಂತಾರೆ.

[ದೃಶ್ಯ: ಅಂಗೈ ಮೇಲೆ ಕಪ್ಪು ದುಂಬಿಯ ಚಿತ್ರ.]

ನೋಡೋಕೆ ಹೇಳಿಕೊಳ್ಳುವಂಥದ್ದೇನಿಲ್ಲ. ಸುಮಾರು 3 ಸೆಂ.ಮೀ. ಉದ್ದ, ಕಪ್ಪು ಕಂದು ಮೈ. ನಮ್ಮ ಜೀರ್ಜಿಂಬೆ ಪಕ್ಕ ಇಟ್ಟರೆ ಯಾರೂ ತಿರುಗಿ ನೋಡಲ್ಲ. ಜೀರ್ಜಿಂಬೆ ಗೊತ್ತಲ್ವಾ? ಮಳೆ ಬಿದ್ದ ಮೇಲೆ ಜಾಲಿ ಗಿಡದಲ್ಲಿ ಹಸಿರಾಗಿ ಮಿಂಚುತ್ತೆ. ಬೆಂಕಿಪೊಟ್ಟಣದಲ್ಲಿ ಸೊಪ್ಪು ಹಾಕಿ ಸಾಕಿದವರು ಈ ವಿಡಿಯೋ ನೋಡ್ತಿರೋರಲ್ಲೇ ಎಷ್ಟು ಜನ ಇದ್ದೀರೋ! ಆ ಹಸಿರು ಬರೀ ಬಣ್ಣ ಅಲ್ಲ. ಗಟ್ಟಿ ರೆಕ್ಕೆಯಲ್ಲಿರುವ ತೆಳು ತೆಳು ಪದರಗಳಿಗೆ ಬೆಳಕು ತಾಗಿ ಹುಟ್ಟುವ ಹೊಳಪು. ಅದಕ್ಕೇ ಹುಳು ಸತ್ತು ವರ್ಷಗಳಾದರೂ ಮಾಸಲ್ಲ. 1903ರ ದೆಹಲಿ ದರ್ಬಾರಿಗೆ ವೈಸ್‌ರಾಯ್ ಕರ್ಜನ್ ಅವರ ಹೆಂಡತಿ ತೊಟ್ಟ ನವಿಲುಗರಿ ಗೌನಿಗೂ ಇಂಥ ದುಂಬಿ ರೆಕ್ಕೆಗಳನ್ನು ಹೊಲಿದಿದ್ದರು.

ಬಣ್ಣಕ್ಕೆ ಮರುಳಾಗೋದು ಸುಲಭ. ನನ್ನ ಕೇಳಿದರೆ, ಗಮ್ಮತ್ತು ಜಾಸ್ತಿ ಇರೋದು ಈ ಸನ್ಯಾಸಿಯಲ್ಲೇ.

[ದೃಶ್ಯ: ಹಳೇ ಓಕ್ ಮರದ ಪೊಟರೆ.]

ಬೇಸಿಗೆಯಲ್ಲಿ ಗಂಡು ದುಂಬಿ ಪೊಟರೆಯ ಬಾಯಿಗೆ ಬಂದು ಕೂರುತ್ತೆ. ಮೈಯಿಂದ ಪೀಚ್ ಹಣ್ಣಿನ ವಾಸನೆ! ಸುಮ್ನೆ ಹಾಗನಿಸೋದಲ್ಲ. ಆ ವಾಸನೆ ಗಾಮಾ ಡೆಕಾಲ್ಯಾಕ್ಟೋನ್ ಅನ್ನೋ ರಾಸಾಯನಿಕದ್ದು, ಪೀಚ್ ಹಣ್ಣಿನಲ್ಲಿ ಇರೋದೂ ಅದೇ. ಮರದ ಹತ್ತಿರ ಹೋದರೆ ನಮ್ಮ ಮೂಗಿಗೂ ಬಡಿಯುತ್ತೆ. ಹೆಣ್ಣು ದುಂಬಿ ಆ ಜಾಡು ಹಿಡಿದು ಬರುತ್ತೆ. ಕರೆಯದೇ ಇರೋ ನೆಂಟರೂ ಬರುತ್ತಾರೆ. ಬೆನ್ನ ಮೇಲೆ ಬಿದ್ದರೆ ಟಿಕ್ ಅಂತ ಎಗರಿ ಎದ್ದು ನಿಲ್ಲುವ ದುಂಬಿ ಗೊತ್ತಲ್ಲ, ಅದರ ಒಂದು ಕೆಂಪು ಜಾತಿ ಇದೇ ವಾಸನೆ ಹಿಡಿದು ಮರ ಹುಡುಕುತ್ತೆ. ಅದರ ಮರಿಗೆ ಸನ್ಯಾಸಿ ದುಂಬಿಯ ಮರಿಯೇ ಊಟ.

ಪೊಟರೆಯೊಳಗೆ ಮರ ಕೊಳೆತು ಪುಡಿಯಾಗಿರುತ್ತೆ. ಮರಿ ಅದನ್ನೇ ತಿಂದು ಬೆಳೆಯೋಕೆ ಸಾಮಾನ್ಯವಾಗಿ 2–3 ವರ್ಷ ಬೇಕು. ದೊಡ್ಡದಾದ ಮೇಲೆ ಒಂದು ಬೇಸಿಗೆ ಬದುಕಿದರೆ ಹೆಚ್ಚು. ಸ್ವೀಡನ್ನಿನಲ್ಲಿ ದುಂಬಿಗಳಿಗೆ ಗುರುತು ಹಾಕಿ ನೋಡಿದಾಗ ಹುಟ್ಟಿದ ಮರ ಬಿಟ್ಟು ಹೋದವು ಶೇ. 15ರಷ್ಟು ಮಾತ್ರ. ಉಳಿದವು ಅಲ್ಲೇ ಹುಟ್ಟಿ, ಅಲ್ಲೇ ಕೂಡಿ, ಅಲ್ಲೇ ಸತ್ತವು. ಹಾಗಾಗಿ ಒಂದು ಹಳೇ ಮರ ಉರುಳಿದರೆ ಒಂದಿಡೀ ವಂಶ ಹೋದಂತೆ. 1992ರಲ್ಲಿ ಯುರೋಪಿನ ಒಕ್ಕೂಟ ಇದನ್ನು ಕಾನೂನಿನ ರಕ್ಷಣೆಗೆ ತಂದಿತು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹೊಸ ರೈಲ್ವೆ ಸ್ಟೇಷನ್‌ಗೆ ಪಾರ್ಕಿನ ಮರ ಕಡಿಯೋಕೆ ಹೊರಟಾಗ ಇದೇ ದುಂಬಿ ದೊಡ್ಡ ತಲೆನೋವಾಯಿತು. ಕೋಟಿಗಟ್ಟಲೆ ಯೂರೋ ಯೋಜನೆ, ಎದುರಿಗೆ ಬೆರಳುದ್ದದ ಹುಳು!

[ದೃಶ್ಯ: ತಿಪ್ಪೆಗುಂಡಿ. ಗುದ್ದಲಿಯಲ್ಲಿ ಗೊಬ್ಬರ ಎಳೆದಾಗ ಹೊರಬಂದ ಬಿಳಿ ಗೊಣ್ಣೆ ಹುಳುಗಳು.]

ಸನ್ಯಾಸಿ ದುಂಬಿ ನಮ್ಮಲ್ಲಿಲ್ಲ. ಅದರ ದಾಯಾದಿಗಳು ಮಾತ್ರ ನಿಮ್ಮ ತಿಪ್ಪೆಯಲ್ಲೇ ಇದ್ದಾರೆ. ಗೊಬ್ಬರ ತೆಗೆಯುವಾಗ ಸಿಗುವ ದಪ್ಪ ಗೊಣ್ಣೆ ಹುಳು ಕಂಡರೆ ತುಳಿಯೋದೇ ವಾಡಿಕೆ. ರೈನೋಸರಸ್ ದುಂಬಿಯ ಮರಿಯಾದರೆ ಸರಿ, ಅದು ಬೆಳೆದು ತೆಂಗಿನ ಸುಳಿಗೆ ಕೈ ಹಾಕುತ್ತೆ. ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣೋದು ಅದರದೇ ಕೆಲಸ. ಆದರೆ ಅದೇ ಗೊಬ್ಬರದಲ್ಲಿ ಹೂವಿನ ದುಂಬಿಯ ಮರಿಗಳೂ ಇರುತ್ತವೆ. ಅವು ತಿನ್ನೋದು ಕೊಳೆತ ಕಸ, ಹಾಕೋದು ಗೊಬ್ಬರ.

ಗುರುತಿಸೋದು ಹೇಗೆ? ಹುಳುವನ್ನು ಸಮನೆಲದ ಮೇಲೆ ಇಟ್ಟು ಸ್ವಲ್ಪ ಹೊತ್ತು ಕಾಯಿರಿ. ರೈನೋಸರಸ್ ಮರಿ ಮಗ್ಗುಲಾಗಿ ಸುರುಳಿ ಸುತ್ತಿಕೊಂಡು ಬಿದ್ದಿರುತ್ತೆ. ಹೂವಿನ ದುಂಬಿಯ ಮರಿ ಅಂಗಾತ ಹೊರಳಿ, ಕಾಲು ಆರನ್ನೂ ಆಕಾಶಕ್ಕೆ ಮಾಡಿ, ಬೆನ್ನ ಮೇಲೆ ಸರಸರ ಹರಿಯೋಕೆ ಶುರು ಮಾಡುತ್ತೆ. ಅದನ್ನು ವಾಪಸ್ ಗೊಬ್ಬರಕ್ಕೇ ಹಾಕಿ.