ಅದು ಸತ್ತಿಲ್ಲ ಮಾವ, ಕಾಯ್ತಾ ಉಂಟು

ನೀವು ಈಗ ನೋಡ್ತಾ ಇರುವುದು ಬಸ್ಸಿನ ಟರ್ಪಾಲು. ಹೊರಗೆ ಆಟಿ ತಿಂಗಳ ಮಳೆ, ಒಳಗೆ ಎಲ್ಲ ಕಿಟಕಿಗೂ ಟರ್ಪಾಲು ಇಳಿಸಿದ್ದಾರೆ, ಹಾಗಾಗಿ ತೋರಿಸ್ಲಿಕ್ಕೆ ಬೇರೆ ಎಂತದೂ ಇಲ್ಲ. ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕದ ಕಡೆ ಹೋಗ್ತಾ ಇದ್ದೇನೆ. ಸೀತಾಂಗೋಳಿ ದಾಟಿತಾ, ನೀರ್ಚಾಲು ಬಂತಾ ಅಂತ ಕಂಡಕ್ಟರ್ ಕೂಗಿದರೇ ಗೊತ್ತಾಗುವುದು.

ಬೆಳಿಗ್ಗೆ ಒಂಬತ್ತೂವರೆಗೆ ಮಾವನ ಫೋನ್. "ಎಂತ ಮಾರಾಯ್ತಿ, ಇದು ಸಾಯುದೂ ಇಲ್ಲ, ಬದುಕುದೂ ಇಲ್ಲ. ಒಮ್ಮೆ ಬಾ." ನಾನು ದನದ ವಿಷಯ ಅಂದುಕೊಂಡೆ. ಮತ್ತೆ ನೋಡಿದರೆ ಕಂಪ್ಯೂಟರ್.

ಇದು ಮಾವನ ಅಂಗಡಿ. ಡಿಟಿಪಿ, ಝೆರಾಕ್ಸ್, ಲ್ಯಾಮಿನೇಶನ್. ಆಟಿಯಲ್ಲಿ ಮದುವೆ ಕಾಗದ ಇಲ್ಲ, ಆದರೆ ಚೌತಿ ಹತ್ತಿರ ಬಂತಲ್ಲ, ಗಣೇಶೋತ್ಸವದ ನೋಟಿಸು ಮತ್ತು ರಶೀದಿ ಪುಸ್ತಕ ಇದೇ ಹೊತ್ತಿಗೆ ಆಗಬೇಕು. ಒಂದೇ ನೋಟಿಸಿನಲ್ಲಿ ಮೇಲೆ ಕನ್ನಡ, ಕೆಳಗೆ ಮಲಯಾಳ. ಸಮಿತಿಯವರ ಹೆಸರು ಮಾತ್ರ ಎರಡು ಕಾಲಂ. ಮಾವ ಆರೂವರೆಗೆ ಬಂದು ಕೂತು ಅದನ್ನು ಟೈಪ್ ಮಾಡಿದ್ದಾರೆ. ಸೇವ್ ಮಾಡಿದ್ದೀರಾ ಅಂತ ಕೇಳಿದೆ. ಮಾವ ಮಳೆ ನೋಡಿದರು.

ಸ್ಕ್ರೀನ್ ನೋಡಿ. ಇಡೀ ಕಿಟಕಿ ಬೂದಿ ಬಳಿದ ಹಾಗೆ ಬಿಳಿಚಿದೆ, ಮೇಲೆ ಹೆಸರಿನ ಪಕ್ಕದಲ್ಲಿ ನಾಟ್ ರೆಸ್ಪಾಂಡಿಂಗ್ ಅಂತ ಬಂದಿದೆ. ಮಾವ ಆ ಕೆಂಪು ಗುಣಾಕಾರ ಚಿಹ್ನೆಯನ್ನು ಎಷ್ಟು ಸಲ ಒತ್ತಿದ್ದಾರೆ ಅಂತ ಲೆಕ್ಕ ಇಲ್ಲ. ಒತ್ತಿದ್ದರಿಂದ ಪ್ರಯೋಜನ ಇಲ್ಲದ್ದು ಯಾಕೆ ಅಂತ ಅವರಿಗೆ ಅವರ ಅಂಗಡಿಯದ್ದೇ ಉದಾಹರಣೆ ಕೊಟ್ಟೆ. ಅಂಗಡಿಯಲ್ಲಿ ಒಬ್ಬರೇ ಇರ್ತೀರಿ, ಪೇಪರ್ ಕತ್ತರಿಸ್ಲಿಕ್ಕೆ ಒಳಗೆ ಹೋದಿರಿ. ಹೊರಗೆ ಗಿರಾಕಿ "ಅಣ್ಣಾ, ಒಂದು ಝೆರಾಕ್ಸ್" ಅಂತ ಕರೀತಾರೆ. ಓ ಅನ್ಲಿಕ್ಕೆ ಜನ ಇಲ್ಲ. ಪ್ರೋಗ್ರಾಮಿನಲ್ಲಿಯೂ ಹಾಗೆಯೇ, ನಮ್ಮ ಕ್ಲಿಕ್ಕು, ಕೀಲಿ ಎಲ್ಲ ಒಂದು ಸಾಲಿನಲ್ಲಿ ಬಂದು ನಿಲ್ಲುತ್ತವೆ, ಕೌಂಟರಿನಲ್ಲಿ ಇರುವವ ಒಂದೊಂದಾಗಿ ತೆಗೆದುಕೊಳ್ಳಬೇಕು. 5 ಸೆಕೆಂಡ್ ಆದರೂ ಅವನು ಸಾಲಿನ ಕಡೆ ತಿರುಗಿಯೇ ನೋಡದಿದ್ದರೆ ವಿಂಡೋಸ್ ಆ ಪ್ರೋಗ್ರಾಮನ್ನು ಸಿಕ್ಕಿಬಿದ್ದದ್ದು ಅಂತ ತೀರ್ಮಾನಿಸಿ, ಅದರ ಜಾಗದಲ್ಲಿ ತಾನೇ ಒಂದು ನಕಲು ಕಿಟಕಿ ನಿಲ್ಲಿಸ್ತದೆ. ನೀವು ನೋಡ್ತಾ ಇರುವ ಈ ಬಿಳಿಚಿದ ಕಿಟಕಿ ಪ್ರೋಗ್ರಾಮಿನದ್ದೇ ಅಲ್ಲ. ಅದಕ್ಕೆ ಘೋಸ್ಟ್ ವಿಂಡೋ ಅಂತ ಹೆಸರು. ಭೂತ ಅಂತ ಹೇಳಲಿಕ್ಕೆ ನನಗೆ ಮನಸ್ಸಿಲ್ಲ. ನಮ್ಮ ಊರಿನ ಭೂತ ಕರೆದರೆ ಬರ್ತದೆ, ನುಡಿ ಕೊಡ್ತದೆ. ಇದು ಎಂತದೂ ಇಲ್ಲ.

ಆ ಗುಣಾಕಾರ ಒತ್ತಿದರೂ ಆಲ್ಟ್ ಎಫ್4 ಒತ್ತಿದರೂ ಆಗುವುದು ಒಂದೇ. "ಬಾಗಿಲು ಹಾಕ್ತೀರಾ?" ಅಂತ ಒಂದು ಚೀಟಿ ಅದೇ ಸಾಲಿಗೆ ಹೋಗಿ ಬೀಳ್ತದೆ. ಚೀಟಿ ಓದ್ಲಿಕ್ಕೆ ಜನ ಬರಬೇಕಲ್ಲ. ಹೆಚ್ಚೆಂದರೆ ಮುಚ್ಚುವುದಾ, ಕಾಯುವುದಾ ಅಂತ ವಿಂಡೋಸೇ ಕೇಳ್ತದೆ, ಮುಚ್ಚು ಅಂದರೆ ಸೇವ್ ಆಗದ್ದು ಹೋಯ್ತು.

ಮಾವನಿಗೆ ನಂಬಿಕೆ ಇರುವುದು ಕಂಟ್ರೋಲ್ ಆಲ್ಟ್ ಡಿಲೀಟ್ ಮೇಲೆ. ಆ ಮೂರು ಕೀಲಿಗಳನ್ನು ಜೋಡಿಸಿದ್ದು ಐಬಿಎಂನ ಎಂಜಿನಿಯರ್ ಡೇವಿಡ್ ಬ್ರಾಡ್ಲಿ, 1981ರಲ್ಲಿ ಬಂದ ಪಿಸಿಗೆ. ಅಪ್ಪಿತಪ್ಪಿ ಕೈ ತಾಗಬಾರದು ಅಂತ ದೂರ ದೂರದ ಕೀಲಿ ಆರಿಸಿದ್ದು. ಆಗ ಒತ್ತಿದರೆ ಕಂಪ್ಯೂಟರೇ ರೀಬೂಟ್ ಆಗ್ತಿತ್ತು. ಈಗ ಒಂದು ಪಟ್ಟಿ ಬರ್ತದೆ, ಅದರಲ್ಲಿ ಟಾಸ್ಕ್ ಮ್ಯಾನೇಜರ್ ಇರ್ತದೆ, ಅಂದರೆ ಯಾವ ಪ್ರೋಗ್ರಾಮ್ ಎಂತ ಮಾಡ್ತಾ ಉಂಟು ಅಂತ ತೋರಿಸುವ ಕಿಟಕಿ. ನೇರ ಅಲ್ಲಿಗೇ ಹೋಗಬೇಕಾದರೆ ಕಂಟ್ರೋಲ್ ಶಿಫ್ಟ್ ಎಸ್ಕೇಪ್. ನನಗೆ ಇದೇ ಸುಲಭ, ಎಡಗೈ ಒಂದು ಸಾಕು.

ಮಾವನ ಮಗ ಅಲ್ಲಿಯೇ ನಿಂತಿದ್ದ. ಕನ್ನಡ ಮೀಡಿಯಂ, ಹತ್ತನೇ ಕ್ಲಾಸು, ಮಳೆಗೆ ರಜೆ. "ಅಕ್ಕ, ಕಿಲ್ ಮೈನಸ್ 9 ಕೊಡಿ" ಅಂದ. ಕರ್ನಾಟಕದಿಂದ ನೋಡುವವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮ ಕಾಸರಗೋಡಿನ ಮಕ್ಕಳು ಶಾಲೆಯಲ್ಲಿ ಕಲಿಯುವುದು ವಿಂಡೋಸ್ ಅಲ್ಲ, ಗ್ನು ಲಿನಕ್ಸ್. 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾದ ಕೇರಳದ ಯೋಜನೆ, 2017ರಲ್ಲಿ ಅದು ಕೈಟ್ ಆಯಿತು. ಅವರೇ ಕೊಡುವ ಲಿನಕ್ಸ್ ಶಾಲೆಯ ಲ್ಯಾಬಿನಲ್ಲಿ ಇರ್ತದೆ. ಅಲ್ಲಿ ಕಿಲ್ ಅಂದರೆ ಪ್ರೋಗ್ರಾಮ್ ನಿಲ್ಲಿಸುವ ಕಮಾಂಡ್. ಬರೀ ಕಿಲ್ ಅಂದರೆ 15ನೇ ಸಿಗ್ನಲ್, "ದಯಮಾಡಿ ಏಳಿ" ಅಂತ. 9 ಅಂದರೆ ರಟ್ಟೆ ಹಿಡಿದು ಹೊರಗೆ ಹಾಕುವುದು, ಚಪ್ಪಲಿ ಹಾಕಿಕೊಳ್ಳಲಿಕ್ಕೂ ಬಿಡುವುದಿಲ್ಲ. ವಿಂಡೋಸಿನ ಎಂಡ್ ಟಾಸ್ಕ್ ಕೂಡ ಕೊನೆಗೆ ಅದೇ ಕೆಲಸ ಮಾಡ್ತದೆ. ಮಾವನ ನೋಟಿಸು ಸೇವ್ ಆಗಿಲ್ಲ. ರಟ್ಟೆ ಹಿಡಿದರೆ ಆರೂವರೆಯಿಂದ ಮಾಡಿದ್ದೆಲ್ಲ ಹೋಯ್ತು.

ಹಾಗಾಗಿ ಮೊದಲು ಮಾಡಿದ್ದು ಫೋನಿನಲ್ಲಿ ಸ್ಕ್ರೀನಿನ ಫೋಟೋ ತೆಗೆದದ್ದು. ಬಿಳಿಚಿದ್ದರೂ ಅಕ್ಷರ ಓದ್ಲಿಕ್ಕೆ ಆಗ್ತದೆ. ಕೆಟ್ಟರೆ ನೋಡಿ ಪುನಃ ಟೈಪ್ ಮಾಡಬಹುದಲ್ಲ.

ಆಮೇಲೆ ಟಾಸ್ಕ್ ಮ್ಯಾನೇಜರ್. ಇಲ್ಲಿ ಎಲ್ಲರೂ ನಾಟ್ ರೆಸ್ಪಾಂಡಿಂಗ್ ಅಂತ ಇರುವ ಹೆಸರು ಹುಡುಕಿ ಎಂಡ್ ಟಾಸ್ಕ್ ಒತ್ತುವ ಅವಸರದಲ್ಲಿ ಇರ್ತಾರೆ. ನಾನು ನೋಡುವುದು ಸಿಪಿಯು ಮತ್ತು ಡಿಸ್ಕ್ ಕಾಲಂ. ಅಲ್ಲಿ ಅಂಕೆ ಏರಿಳಿಯುತ್ತಾ ಇದ್ದರೆ ಪ್ರೋಗ್ರಾಮ್ ಎಂತದೋ ಕೆಲಸದಲ್ಲಿ ಉಂಟು, ದೊಡ್ಡ ಫೋಟೋ ಎತ್ತಿಕೊಂಡು ಏದುಸಿರು ಬಿಡ್ತಾ ಇರಬಹುದು. ಚಾ ಕುಡಿದು ಬನ್ನಿ. ಸಿಪಿಯು ಒಂದೇ ಸಮ ಮೇಲೆಯೇ ನಿಂತು ಇಳಿಯದೆ ಇದ್ದರೆ ಅದು ಒಂದೇ ಜಾಗದಲ್ಲಿ ಸುತ್ತುತ್ತಾ ಇರುವುದು, ಅದನ್ನು ಕಾದು ಹೆಚ್ಚು ಪ್ರಯೋಜನ ಇಲ್ಲ. ಮಾವನದ್ದು ಎರಡೂ ಅಲ್ಲ. ಸೊನ್ನೆ. ಡಿಸ್ಕ್ ಸೊನ್ನೆ, ಸಿಪಿಯು ಸೊನ್ನೆ. ಕೆಲಸ ಮಾಡ್ತಾ ಇಲ್ಲ, ಸತ್ತೂ ಇಲ್ಲ. ಅಂದರೆ ಯಾರನ್ನೋ ಕಾಯ್ತಾ ಉಂಟು.

ಯಾರನ್ನು ಅಂತ ಕೇಳ್ಲಿಕ್ಕೆ ಒಂದು ಜಾಗ ಉಂಟು, ಹೆಚ್ಚಿನವರು ಅಲ್ಲಿಗೆ ಹೋಗುವುದೇ ಇಲ್ಲ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟ. ಪ್ರೋಗ್ರಾಮಿನ ಮೇಲೆ ರೈಟ್ ಕ್ಲಿಕ್, ಅನಲೈಸ್ ವೇಟ್ ಚೈನ್. ಬಸ್ಸ್ಟಾಂಡಿನಲ್ಲಿ ನಿಂತವನನ್ನು ಕೇಳಿದ ಹಾಗೆ. ನೀನು ಯಾರಿಗೆ ಕಾಯುವುದು, ಅವನು ಯಾರಿಗೆ ಕಾಯುವುದು ಅಂತ ಒಂದರ ಕೆಳಗೆ ಒಂದು ಬರ್ತದೆ. ಮಾವನ ಡಿಟಿಪಿ ಪ್ರೋಗ್ರಾಮಿನ ಕೆಳಗೆ ಬಂದ ಹೆಸರು ಎಸ್‌ಪಿಎಲ್‌ವಾವ್64. ಹೆಸರು ನೋಡಿದರೆ ವೈರಸ್ ಅನಿಸ್ತದೆ. ಅಲ್ಲ. ಪ್ರೋಗ್ರಾಮ್ ಹಳೆಯದು, 32 ಬಿಟ್. ವಿಂಡೋಸ್ 64 ಬಿಟ್, ಪ್ರಿಂಟರಿನ ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್, ಅದೂ 64. ಇವರಿಬ್ಬರ ನಡುವೆ ಮಾತು ದಾಟಿಸುವ ದುಭಾಷಿ ಅದು. ಗಡಿನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾ? ಕಚೇರಿಯಿಂದ ಬಂದ ಮಲಯಾಳ ಕಾಗದ ಹಿಡಿದು ನಮ್ಮ ಅಜ್ಜಂದಿರು ಯಾರ ಮನೆಗೆ ಹೋಗ್ತಿದ್ದರೋ, ಆ ಕೆಲಸ.

ಅಂದರೆ ಡಿಟಿಪಿ ದುಭಾಷಿಯನ್ನು ಕಾಯ್ತಾ ಉಂಟು, ದುಭಾಷಿ ಪ್ರಿಂಟರನ್ನು. ಪ್ರಿಂಟರ್ ಎಲ್ಲಿ? ಈ ಗೋಡೆಯ ಆಚೆ. ದೀಪ ಉರೀತಾ ಉಂಟು, ಕಾಗದ ಉಂಟು, ತಣ್ಣಗೆ ಕೂತಿದೆ. "ಪ್ರಿಂಟ್ ಕೊಟ್ಟಿದ್ದೀರಾ ಮಾವ?" "ಒಂದು ಪ್ರೂಫ್ ತೆಗೆಯುವ ಅಂತ ಕೊಟ್ಟದ್ದು, ಅಷ್ಟೇ."

ಇನ್ನು ರಟ್ಟೆ ಹಿಡಿಯಬಹುದು. ಆದರೆ ಡಿಟಿಪಿಯದ್ದಲ್ಲ, ದುಭಾಷಿಯದ್ದು. ಎಸ್‌ಪಿಎಲ್‌ವಾವ್64 ಮೇಲೆ ಎಂಡ್ ಟಾಸ್ಕ್ ಒತ್ತುವಾಗ ನನ್ನ ಕೈಯೂ ಸ್ವಲ್ಪ ನಡುಗಿತು, ವಿಡಿಯೋದಲ್ಲಿ ಕಾಣ್ತದೆ. ಒಂದು, ಎರಡು... ಬಣ್ಣ ಬಂತು ನೋಡಿ! ಗಣಪತಿಯ ಚಿತ್ರ, ಎರಡು ಕಾಲಂ ಹೆಸರು, ಎಲ್ಲ ಇದ್ದಲ್ಲೇ. ಪ್ರಿಂಟ್ ಆಗಲಿಲ್ಲ ಅಂತ ಒಂದು ಸಣ್ಣ ಕಿಟಕಿ ಬಂತು, ಆಗದಿದ್ದರೆ ಬೇಡ. ಮಾವ ಕೂತಲ್ಲಿಂದಲೇ ಕೈ ಚಾಚಿ ಕಂಟ್ರೋಲ್ ಎಸ್ ಒತ್ತಿದರು. ಮೂರು ಸಲ.

ಹೀಗೆ ಅಂತ ಕಂಡಕಂಡದ್ದನ್ನೆಲ್ಲ ಡೀಟೇಲ್ಸಿನಲ್ಲಿ ಕೊಲ್ಲಲಿಕ್ಕೆ ಹೋಗಬೇಡಿ, ಆಯ್ತಾ. ಸಿಎಸ್‌ಆರ್‌ಎಸ್‌ಎಸ್ ಅಂತ ವಿಂಡೋಸಿನದ್ದೇ ಒಂದು ಉಂಟು, ಅದನ್ನು ಮುಗಿಸಿದರೆ ನೀಲಿ ಪರದೆ ಬಂದು ಇಡೀ ಕಂಪ್ಯೂಟರೇ ಮುಗೀತದೆ.

ಪ್ರಿಂಟರ್ ಯಾಕೆ ಸಿಗಲಿಲ್ಲ ಅಂತ ನೋಡಬೇಕಿತ್ತು, ಇಲ್ಲದಿದ್ದರೆ ಸಂಜೆಗೆ ಪುನಃ ಇದೇ ಕಥೆ. ನಿನ್ನೆ ರಾತ್ರಿ ಕರೆಂಟ್ ಹೋಗಿ ಬಂದಿದೆ. ರೌಟರ್ ಆಫ್ ಆಗಿ ಆನ್ ಆಗಿದೆ. ಆನ್ ಆದ ರೌಟರ್ ಮನೆಯೊಳಗಿನ ಎಲ್ಲರಿಗೂ ಹೊಸತಾಗಿ ನಂಬರ್ ಹಂಚಿದೆ, ಪ್ರಿಂಟರಿಗೆ ಬೇರೆ ನಂಬರ್ ಸಿಕ್ಕಿದೆ. ಕಂಪ್ಯೂಟರ್ ಮಾತ್ರ ಹಳೇ ನಂಬರಿನ ಬಾಗಿಲು ಬಡೀತಾ ನಿಂತಿದೆ. ಮನೆ ಬದಲಾಯಿಸಿದವರ ಹಳೇ ವಿಳಾಸಕ್ಕೆ ಮದುವೆ ಕಾಗದ ಕೊಟ್ಟ ಹಾಗೆ. ರೌಟರಿನ ಸೆಟ್ಟಿಂಗಿಗೆ ಹೋಗಿ ಪ್ರಿಂಟರಿಗೆ ಒಂದೇ ನಂಬರ್ ಕಾಯಂ ಮಾಡಿ, ಕಂಪ್ಯೂಟರಿನಲ್ಲಿಯೂ ಅದನ್ನೇ ಕೊಟ್ಟೆ. ಅಂಟಿಕೊಂಡಿದ್ದ ಹಳೇ ಪ್ರಿಂಟು ಡಿಲೀಟ್ ಆಗಲಿಲ್ಲ. ಅದಕ್ಕೆ ಸರ್ವೀಸಸ್‌ನಲ್ಲಿ ಪ್ರಿಂಟುಗಳನ್ನು ಸಾಲಿನಲ್ಲಿ ಇಡುವ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಅಂತ ಒಳಗೆ ಹೋಗಿ ಆ ಫೋಲ್ಡರಿನಲ್ಲಿದ್ದ ಫೈಲು ತೆಗೆದು, ಸ್ಪೂಲರ್ ಪುನಃ ಶುರು ಮಾಡಿದ್ದು. ಫೋಲ್ಡರನ್ನೇ ತೆಗೀಬೇಡಿ, ಒಳಗಿದ್ದದ್ದು ಮಾತ್ರ.

ಅತ್ತೆ ಪತ್ರೊಡೆ ಕಳಿಸಿದ್ದರು. ಇದು ಪತ್ರೊಡೆಯ ಕ್ಲೋಸಪ್, ಕಂಪ್ಯೂಟರಿಗೆ ಸಂಬಂಧ ಇಲ್ಲ.

ತಿನ್ನುವಾಗ ಮಾವ ಹಳೇ ಒಂದು ಕಥೆ ತೆಗೆದರು. ಒಮ್ಮೆ ಯಾರದ್ದೋ ಪೆನ್‌ಡ್ರೈವಿನಿಂದ ಫೋಟೋ ತೆರೆಯುವಾಗ ಹೀಗೆಯೇ ಆಗಿ, ಎಂಡ್ ಟಾಸ್ಕ್ ಎಷ್ಟು ಒತ್ತಿದರೂ ಪಟ್ಟಿಯಿಂದ ಹೆಸರು ಹೋಗಲೇ ಇಲ್ಲವಂತೆ. ಕೊನೆಗೆ ಬೇಸರದಲ್ಲಿ ಪೆನ್‌ಡ್ರೈವ್ ಕಿತ್ತರಂತೆ, ಆ ಕ್ಷಣವೇ ಕಿಟಕಿ ಮಾಯ. "ಅದು ಎಂತ ಮಾಯ?" ಅಂತ ಈಗ ಕೇಳುವುದು. ಓದುವ, ಬರೆಯುವ ಕೆಲಸವನ್ನು ವಿಂಡೋಸಿನ ಒಳಮನೆಗೆ, ಅಂದರೆ ಡ್ರೈವರಿನ ಕೈಗೆ ಒಪ್ಪಿಸಿದ ಮೇಲೆ, ಅಲ್ಲಿಂದ ಆಯಿತು ಅಂತಲೋ ಇಲ್ಲ ಅಂತಲೋ ಉತ್ತರ ಬರುವವರೆಗೆ ಪ್ರೋಗ್ರಾಮಿಗೆ ಸಾಯ್ಲಿಕ್ಕೂ ಅಪ್ಪಣೆ ಇಲ್ಲ. ಹಾಳಾದ ಪೆನ್‌ಡ್ರೈವ್ ಉತ್ತರವೇ ಕೊಡ್ಲಿಲ್ಲ. ಕಿತ್ತಾಗ "ಇಲ್ಲ" ಅಂತ ಉತ್ತರ ಸಿಕ್ಕಿತು, ಬಿಡುಗಡೆ ಆಯಿತು. ಲಿನಕ್ಸಿನಲ್ಲಿಯೂ ಹಾಗೆಯೇ, ಪಟ್ಟಿಯಲ್ಲಿ ಪ್ರೋಗ್ರಾಮಿನ ಸ್ಥಿತಿಗೆ ಡಿ ಅಂತ ಅಕ್ಷರ ಇದ್ದರೆ 9 ಕೊಟ್ಟರೂ ಅಲುಗಾಡುವುದಿಲ್ಲ. ಹುಡುಗನ ಮುಖ ಸಣ್ಣದಾಯಿತು.

ಹೊರಡುವ ಮೊದಲು ಇನ್ನೊಂದು ಕಣ್ಣಿಗೆ ಬಿತ್ತು. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಅಪ್ ಟೈಮ್, ಅಂದರೆ ವಿಂಡೋಸ್ ಎಷ್ಟು ಹೊತ್ತಿನಿಂದ ಎಚ್ಚರ ಇದೆ ಅಂತ. 23 ದಿನ.

"ಸುಳ್ಳು," ಅಂದರು ಮಾವ. "ನಾನು ದಿನಾ ರಾತ್ರಿ ಶಟ್‌ಡೌನ್ ಮಾಡಿಯೇ ಬಾಗಿಲು ಹಾಕುದು."

ಮಾವ ಹೇಳಿದ್ದೂ ಸತ್ಯ, ಅದು ತೋರಿಸುವುದೂ ಸತ್ಯ. ಫಾಸ್ಟ್ ಸ್ಟಾರ್ಟಪ್ ಅಂತ ಒಂದು ವ್ಯವಸ್ಥೆ ಉಂಟು. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ನಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ, ಆದರೆ ವಿಂಡೋಸಿನ ಒಳಮನೆ, ಡ್ರೈವರುಗಳು ಸಮೇತ, ಹಾಗೆಯೇ ಡಿಸ್ಕಿಗೆ ಬರೆದಿಟ್ಟು ಬೆಳಿಗ್ಗೆ ಅದನ್ನೇ ಎಬ್ಬಿಸುವುದು. ಬೇಗ ಆನ್ ಆಗ್ತದೆ, ಹಳೇ ತೊಡಕೂ ಜೊತೆಗೇ ಏಳ್ತದೆ. ಪೂರ್ತಿ ಹೊಸತಾಗಿ ಶುರುವಾಗಬೇಕಾದರೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಹೆಸರು ಕೇಳಿದರೆ ತಲೆಕೆಳಗಾಗಿ ಉಂಟು, ನನಗೂ ಹಾಗೆಯೇ ಅನಿಸುವುದು.

ರೀಸ್ಟಾರ್ಟ್ ಕೊಟ್ಟೆವು. ಹಳೇ ಹಾರ್ಡ್‌ಡಿಸ್ಕು, ಆರಾಮ ಬರ್ತದೆ. ಅಷ್ಟರಲ್ಲಿ ಸಮಿತಿಯವರು ಇಬ್ಬರು ಕೊಡೆ ಮಡಚಿ ಒಳಗೆ ಬಂದರು, ನೋಟಿಸು ಆಯ್ತಾ ಅಂತ. ಗೋಡೆಯ ಆಚೆ ಪ್ರಿಂಟರ್ ಸದ್ದು ಮಾಡಿ ಪ್ರೂಫ್ ಹೊರಗೆ ಬಂದದ್ದೇ, ಒಬ್ಬರು ಕನ್ನಡಕ ಹಾಕಿ ಓದಿ, ಉಪಾಧ್ಯಕ್ಷರ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ ಅಂದರು. ಮಾವ ಅವರ ಕಡೆ ತಿರುಗಲೇ ಇಲ್ಲ. ಫೋನ್ ಎತ್ತಿ ಸ್ಕ್ರೀನಿನ ಫೋಟೋ ತೆಗೀತಾ ಇದ್ದರು. ಅಪ್ ಟೈಮ್, 4 ನಿಮಿಷ.