ರಾಜನನ್ನು ಯಾರು ಏನೆಂದು ಕರೆಯಬೇಕು?

ಕೇಳುಗರಿಗೆ ನಮಸ್ಕಾರ. ಮೈಸೂರು, ಮಂಡ್ಯ ಸೀಮೆಯಲ್ಲಿ ಹಬ್ಬ ಜಾತ್ರೆಗಳಿಗೆ ಐತಿಹಾಸಿಕ ನಾಟಕ ಕಟ್ಟುವ ತಂಡಗಳಿವೆ. ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಬರೆದುಕೊಡುವ ಮೇಷ್ಟರಿದ್ದಾರೆ. ಇವತ್ತಿನ ಮಾತು ನಿಮಗೇ. ರಾಜನಿಗೆ ಇರುವುದು ಒಂದೇ ಹೆಸರಲ್ಲ. ಯಾರು, ಯಾವಾಗ, ಯಾವ ಹೆಸರು ಹಿಡಿದು ಕರೆಯುತ್ತಾರೆ ಎಂದು ಗೊತ್ತುಮಾಡಿಕೊಳ್ಳದೆ ದಯವಿಟ್ಟು ಒಂದು ಸಾಲನ್ನೂ ಬರೆಯಬೇಡಿ.

ಇಲ್ಲೇ ಇರುವ ತಲಕಾಡನ್ನು ತೆಗೆದುಕೊಳ್ಳಿ. ಹೊಯ್ಸಳರ ಬಿಟ್ಟಿದೇವ, ಅಂದರೆ ವಿಷ್ಣುವರ್ಧನ, ಚೋಳರಿಂದ ಅದನ್ನು ಗೆದ್ದದ್ದು ಸುಮಾರು 1116ರಲ್ಲಿ. ‘ತಲಕಾಡುಗೊಂಡ’ ಎಂಬ ಬಿರುದು ಹುಟ್ಟಿದ್ದು ಆ ಗೆಲುವಿನಿಂದ. ಚಿನ್ನದ ನಾಣ್ಯದ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸುವಷ್ಟು ಅವನಿಗೆ ಅದರ ಹೆಮ್ಮೆ ಇತ್ತು. ನಮ್ಮ ನಾಟಕಗಳಲ್ಲಾದರೋ ಪರದೆ ಎದ್ದ ಕೂಡಲೇ, ಯುದ್ಧಕ್ಕೆ ಇನ್ನೂ ಎರಡು ಅಂಕ ಇರುವಾಗಲೇ, ಹೊಗಳುಭಟ ‘ತಲಕಾಡುಗೊಂಡ ಮಹಾರಾಜ, ಬಹುಪರಾಕ್!’ ಎಂದು ಕೂಗಿಬಿಡುತ್ತಾನೆ. ಗೆಲ್ಲುವುದು ಯಾರೆಂದು ಆಗಲೇ ತಿಳಿದ ಮೇಲೆ ಪ್ರೇಕ್ಷಕ ಆ ಯುದ್ಧವನ್ನು ಏಕೆ ನೋಡಬೇಕು? ಬಿರುದನ್ನು ಅದು ಹುಟ್ಟುವ ಗಳಿಗೆಯವರೆಗೆ ಬಚ್ಚಿಡಿ.

ನನಗೆ ಅಚ್ಚುಮೆಚ್ಚಿನ ಪ್ರಸಂಗ ಕಂಠೀರವ ನರಸರಾಜ ಒಡೆಯರದು. 1638ರಲ್ಲಿ ಪಟ್ಟಕ್ಕೆ ಬರುವ ಮೊದಲಿನ ಮಾತು. ತಿರುಚಿನಾಪಳ್ಳಿಯಲ್ಲಿ ಒಬ್ಬ ಹೆಸರುವಾಸಿ ಜಟ್ಟಿ ತನ್ನ ಚಲ್ಲಣವನ್ನು ಕೋಟೆಯ ಬಾಗಿಲಿಗೆ ಕಟ್ಟಿಸಿದ್ದನಂತೆ. ಅದರ ಕೆಳಗೆ ತಲೆ ತಗ್ಗಿಸಿ ಒಳಗೆ ಹೋದವರೆಲ್ಲ ಅವನಿಗೆ ಸೋತವರೆಂದು ಲೆಕ್ಕ. ಸುದ್ದಿ ಈ ಕಡೆಗೂ ಬಂತು. ನರಸರಾಜರು ಯಾರಿಗೂ ಗುರುತು ಹೇಳದೆ ವೇಷ ಮರೆಸಿಕೊಂಡು ಹೊರಟರು. ಊರವರ ಕಣ್ಣಿಗೆ ಅವರು ಎಲ್ಲಿಂದಲೋ ಬಂದ ಒಬ್ಬ ಹುಡುಗ. ಕಾಳಗ ನಡೆಯಿತು, ಜಟ್ಟಿ ಉರುಳಿದ. ಅಲ್ಲಿನ ನಾಯಕನ ಆಸ್ಥಾನ ಸನ್ಮಾನಕ್ಕೆ ಸಿದ್ಧವಾಯಿತು. ಗೆದ್ದವನೇ ಇಲ್ಲ! ರಾತ್ರೋರಾತ್ರಿ ಮೈಸೂರಿನ ದಾರಿ ಹಿಡಿದಿದ್ದರು ಎನ್ನುತ್ತದೆ ಕಥೆ.

ಈ ಪ್ರಸಂಗದ ಜೀವ ಇರುವುದೇ ಹೆಸರಿಲ್ಲದಿರುವುದರಲ್ಲಿ. ಈಚೆಗೆ ಒಂದು ಊರಿನಲ್ಲಿ ಇದೇ ದೃಶ್ಯ ನೋಡಿದೆ. ಅಭಿನಯ ಸೊಗಸಾಗಿತ್ತು, ಮದ್ದಳೆಯೂ ಚೆನ್ನಾಗಿತ್ತು. ಕಾಳಗದ ನಡುವೆ ಜೊತೆಗಾರನ ಪಾತ್ರಧಾರಿ ‘ರಣಧೀರ ಕಂಠೀರವ ಪ್ರಭುಗಳೇ, ಜೋಕೆ!’ ಎಂದು ಕೂಗಿದ. ಮುಗಿಯಿತು. ಇಡೀ ತಿರುಚಿನಾಪಳ್ಳಿಗೆ ಗುಟ್ಟು ಬಿಟ್ಟುಕೊಟ್ಟ ಮೇಲೆ ಅವರು ಓಡಿಹೋಗುವುದಾದರೂ ಏಕೆ? ಜೊತೆಗಾರ ‘ಅಣ್ಣಾ’ ಎಂದಿದ್ದರೆ ಸಾಕಿತ್ತು. ಶ್ರೀರಂಗಪಟ್ಟಣಕ್ಕೆ ಬಂದು ಸಿಂಹಾಸನ ಏರಿದ ಮೇಲೆ ಬಿರುದಿನ ಸುರಿಮಳೆಯೇ ಆಗಲಿ, ಬೇಡವೆನ್ನುವವರು ಯಾರು?

ಅಡ್ಡಹೆಸರಿಗೂ ಇದೇ ಮಾತು. ಒಡೆಯರ ವಂಶದಲ್ಲಿ ಬೋಳ ಚಾಮರಾಜರಿದ್ದಾರೆ. ಚಾಮುಂಡಿ ಬೆಟ್ಟದಲ್ಲಿ ಸಿಡಿಲು ಬಡಿದು, ಜೀವ ಉಳಿದು, ತಲೆಗೂದಲು ಮಾತ್ರ ಹೋಯಿತೆಂದು ಪ್ರತೀತಿ. ಆ ಹೆಸರನ್ನು ಪಹರೆಯವರು ತಮ್ಮತಮ್ಮಲ್ಲಿ ಆಡಿಕೊಳ್ಳಲಿ, ಮಂತ್ರಿ ಎದುರಿಗೆ ನಿಂತು ಆಡುವುದು ಬೇಡ. ಇನ್ನು ಮುಮ್ಮಡಿ, ನಾಲ್ವಡಿ ಎಂಬುವು ಒಂದೇ ಹೆಸರಿನ ಅರಸರಲ್ಲಿ ಎಷ್ಟನೆಯವರು ಎಂಬ ಎಣಿಕೆ. ‘ನಾಲ್ವಡಿಯವರೇ, ಊಟಕ್ಕೆ ಬನ್ನಿ’ ಎಂದು ಯಾವ ಮನೆಯಲ್ಲೂ ಕರೆಯುವುದಿಲ್ಲ. ಆಳಿಗೆ ಅವರು ‘ಮಹಾಸ್ವಾಮಿ’, ರೈತನಿಗೆ ‘ಬುದ್ಧಿ’.

ಸಮಯ ಹೆಚ್ಚಿಲ್ಲ. ರಾಣಿಯರ ಬಗ್ಗೆ ಒಂದು ಮಾತು ಹೇಳಲೇಬೇಕು. 1894ರ ಡಿಸೆಂಬರ್‌ನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ಮಗನ ಪರವಾಗಿ ರಾಜ್ಯಭಾರ ಹೊತ್ತ ಕೆಂಪನಂಜಮ್ಮಣ್ಣಿಯವರು ಅರಮನೆಯ ಬಿರುದಿನಲ್ಲಿ ವಾಣೀವಿಲಾಸ ಸನ್ನಿಧಾನ. 1902ರ ಆಗಸ್ಟ್ 8ರಂದು ಅಧಿಕಾರ ಮಗನ ಕೈಗೆ ಬಂತು. ಆ ದಿನದ ದರ್ಬಾರಿನಲ್ಲಿ ನಿಮ್ಮ ನಾಟಕದ ತಾಯಿ ಮಗನನ್ನು ಏನೆಂದು ಕರೆಯುತ್ತಾರೆ? ಒಳಮನೆಗೆ ಬಂದ ಮೇಲೆ ಏನೆಂದು? ಎರಡೂ ಕಡೆ ‘ಮಗನೇ’ ಎಂದು ಬರೆದರೆ ಬರೆಯದಿದ್ದಷ್ಟೇ ಆಯಿತು. ತಾಲೀಮು ಶುರುವಾಗುವ ಮೊದಲು ಪಾತ್ರಗಳ ಪಟ್ಟಿ ಮಾಡುತ್ತೀರಲ್ಲ, ಪ್ರತಿಯೊಂದು ಪಾತ್ರದ ಪಕ್ಕದಲ್ಲೂ ಅದು ರಾಜನನ್ನು ಎದುರಿಗೆ ಏನೆನ್ನುತ್ತದೆ, ಬೆನ್ನ ಹಿಂದೆ ಏನೆನ್ನುತ್ತದೆ ಎಂದು ಬರೆದಿಡಿ. ನಮಸ್ಕಾರ.