ತೂಗುದೀಪಕ್ಕೆ ಕೈ ಹಚ್ಚುವ ಮುನ್ನ

ಕೇಳುಗರಿಗೆ ನಮಸ್ಕಾರ.

ಪ್ರಾರ್ಥನಾ ಮಂದಿರದ ದೀಪಗಳು ಮಂಕಾಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ದಿನದಲ್ಲಿ ಮಂಕಾಗಿದ್ದರೆ ಗೊತ್ತಾಗುತ್ತಿತ್ತು. ದಿನಕ್ಕಿಷ್ಟು ಅಂತ ಕಡಿಮೆಯಾದರೆ ಕಣ್ಣು ಅದಕ್ಕೇ ಒಗ್ಗಿಕೊಂಡುಬಿಡುತ್ತದೆ. ಕೊನೆಗೊಂದು ದಿನ ಹಿರಿಯರೊಬ್ಬರು ಅಕ್ಷರ ಕಾಣಿಸುತ್ತಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಹೆಚ್ಚು ವ್ಯಾಟ್‌ನ ಬಲ್ಬು ತಂದು ಸಿಕ್ಕಿಸುತ್ತಾರೆ. ಒಂದಿದ್ದ ತೊಂದರೆ ಅಲ್ಲಿಗೆ ಎರಡಾಯಿತು. ಕೊಳೆ ಇದ್ದಲ್ಲೇ ಇದೆ, ಜೊತೆಗೆ ಹೋಲ್ಡರ್ ಕಾಯತೊಡಗುತ್ತದೆ.

ಈ ಕೊಳೆ ಬರೀ ಧೂಳಲ್ಲ. ಎಣ್ಣೆದೀಪ, ಮೇಣದಬತ್ತಿ, ಧೂಪ ಉರಿಯುವ ಕಡೆ ಬಿಸಿಗಾಳಿ ಮಸಿಯನ್ನೂ ಜಿಡ್ಡನ್ನೂ ಹೊತ್ತುಕೊಂಡು ಮೇಲೇರುತ್ತದೆ. ಮೇಲೆ ತಣ್ಣಗಿರುವ ಗಾಜು, ಹಿತ್ತಾಳೆ ಸಿಕ್ಕಿದರೆ ಅಲ್ಲೇ ಅಂಟಿಕೊಳ್ಳುತ್ತದೆ. ಆ ಅಂಟಿನ ಮೇಲೆ ಧೂಳು, ಧೂಳಿನ ಮೇಲೆ ಮತ್ತೆ ಅಂಟು. ಇದಕ್ಕೆ ನೇರವಾಗಿ ಒದ್ದೆ ಬಟ್ಟೆ ತಾಗಿಸಿದರೆ ಕೆಸರಿನ ಹಾಗೆ ಬಳಿದುಕೊಳ್ಳುತ್ತದೆ. ಆದ್ದರಿಂದ ಮೊದಲು ಒಣ ಕುಂಚ, ಆಮೇಲೆ ಒದ್ದೆ ಬಟ್ಟೆ. ಈ ಕ್ರಮ ತಪ್ಪಿದರೆ ಕೆಲಸ ಎರಡರಷ್ಟಾಗುತ್ತದೆ.

ಹೊಳಪಿಗಿಂತ ದೊಡ್ಡದು ಇನ್ನೊಂದಿದೆ. ಎತ್ತರದ ತೂಗುದೀಪದ ಹತ್ತಿರ ಮನುಷ್ಯರ ಕಣ್ಣು ಹೋಗುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ, ಒರೆಸಲು ಏರಿದಾಗ ಮಾತ್ರ. ಕೊಕ್ಕೆ ಸವೆದಿದೆಯೇ, ವೈರು ಸುಟ್ಟಿದೆಯೇ, ಹೋಲ್ಡರ್ ಬಿರುಕು ಬಿಟ್ಟಿದೆಯೇ ಎಂದು ನೋಡುವ ಅವಕಾಶವೂ ಅದೊಂದೇ. ಹೊಳಪು ಬಂತೆಂದು ಇಳಿದುಬಿಟ್ಟರೆ ಅರ್ಧ ಕೆಲಸ ಮೇಲೆಯೇ ಉಳಿದ ಹಾಗೆ. ಇನ್ನೊಂದು ಮಾತು: ಜನ ಸೇರುವ ದೊಡ್ಡ ದಿನದ ಹಿಂದಿನ ರಾತ್ರಿ ಈ ಕೆಲಸಕ್ಕೆ ಕೈ ಹಾಕಬೇಡಿ. ಕನಿಷ್ಠ 2 ವಾರ ಮುಂಚೆ ಏರಿದರೆ, ಕಂಡ ದೋಷಕ್ಕೆ ಬಿಡಿಭಾಗ ತರಿಸಲು ಹೊತ್ತಿರುತ್ತದೆ.

ಏರುವ ಮೊದಲು ಕರೆಂಟಿನ ವಿಚಾರ. ಸ್ವಿಚ್ ಆರಿಸಿದ್ದೇವೆ ಎಂದು ನಂಬಿ ಹೋಲ್ಡರ್ ಮುಟ್ಟಬಾರದು. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ಚನ್ನು ಕರೆಂಟು ತರುವ ಫೇಸ್ ತಂತಿಗೆ ಹಾಕುವ ಬದಲು ಅದು ಹಿಂತಿರುಗುವ ನ್ಯೂಟ್ರಲ್‌ಗೆ ಹಾಕಿರುವುದುಂಟು. ಆಗ ಬಲ್ಬು ಆರಿರುತ್ತದೆ, ಹೋಲ್ಡರ್‌ನಲ್ಲಿ ಕರೆಂಟು ಹಾಗೆಯೇ ಇರುತ್ತದೆ. ಆ ಸಾಲಿನ ಎಂಸಿಬಿ, ಅಂದರೆ ಬೋರ್ಡಿನಲ್ಲಿ ತಾನಾಗಿ ಬೀಳುವ ರಕ್ಷಣಾ ಸ್ವಿಚ್ಚನ್ನು ಇಳಿಸಿ, ಬೋರ್ಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಏರುವವರೇ ಜೇಬಿನಲ್ಲಿಟ್ಟುಕೊಳ್ಳಬೇಕು. ಹೊರಗೆ ಒಂದು ಚೀಟಿ ಅಂಟಿಸಿದರೆ ಇನ್ನೂ ಒಳ್ಳೆಯದು. ಇಷ್ಟಾದರೂ ಒಂದು ಬಲೆ ಉಳಿದಿರುತ್ತದೆ, ಅದು ಇನ್ವರ್ಟರ್. ಒಂದೇ ತೂಗುದೀಪದ ಕೆಲವು ಬಲ್ಬುಗಳು ಮೇನ್ ಸಾಲಿನಲ್ಲಿ, ಕೆಲವು ಇನ್ವರ್ಟರ್ ಸಾಲಿನಲ್ಲಿ ಇರಬಹುದು. ಮೇನ್ ಇಳಿಸಿದ ಕ್ಷಣವೇ ಇನ್ವರ್ಟರ್ ಎದ್ದು ಕೂರುತ್ತದೆ. ಅದಕ್ಕೆ ಇರುವ ಕೆಲಸವೇ ಅದು. ದೀಪಕ್ಕೆ ಬರುವ ಎರಡೂ ಸಾಲುಗಳನ್ನು ಬಂದ್ ಮಾಡಿ. ಆಮೇಲೆ ಮೀಟರ್ ಹಿಡಿದು ಮೂರು ಸಲ ನೋಡಿ: ಕರೆಂಟು ಇದೆಯೆಂದು ಖಚಿತವಿರುವ ಒಂದು ಸಾಕೆಟ್‌ನಲ್ಲಿ, ಆಮೇಲೆ ದೀಪದ ಹೋಲ್ಡರ್‌ನಲ್ಲಿ, ಮತ್ತೆ ಅದೇ ಸಾಕೆಟ್‌ನಲ್ಲಿ. ಮೂರನೆಯದು ಯಾಕೆಂದರೆ, ನಡುವೆ ಮೀಟರೇ ಕೆಟ್ಟಿದ್ದರೆ ಅದು ತೋರಿಸಿದ ಸೊನ್ನೆಗೆ ಬೆಲೆಯಿಲ್ಲ.

ಬಲ್ಬುಗಳು ತಣ್ಣಗಾಗಬೇಕು, ಅದುವರೆಗೆ ಉರಿಯುತ್ತಿದ್ದರೆ ಆರಿಸಿದ ಮೇಲೆ 20 ನಿಮಿಷ ಬಿಡಿ. ಬಿಸಿ ಗಾಜಿನ ಮೇಲೆ ತಣ್ಣೀರಿನ ಹನಿ ಬಿದ್ದರೆ ಸಾಕು, ಸೀಳುತ್ತದೆ.

ಒರಗಿಸುವ ಏಣಿಯನ್ನು 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡ ಹೊರಗಿಟ್ಟು ನಿಲ್ಲಿಸಬೇಕು. ಆದರೆ ತೂಗುದೀಪಕ್ಕೆ ಒರಗಿಸುವ ಏಣಿ ಸಲ್ಲದು, ಒರಗಿಸಲು ಅಲ್ಲಿ ಗೋಡೆಯೇ ಇರುವುದಿಲ್ಲ. ದೀಪಕ್ಕೇ ಒರಗಿಸಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಚಕ್ರವಿರುವ ಅಟ್ಟಣಿಗೆ ಬೇಕು. ಅದರ ಎತ್ತರ ಬುಡದ ಕಿರಿದಾದ ಅಗಲದ 3 ಪಟ್ಟನ್ನು ಮೀರದಿರಲಿ, ಚಕ್ರಗಳಿಗೆ ಬ್ರೇಕ್ ಹಾಕಿರಲಿ. ಮೇಲೆ ಜನ ನಿಂತಿರುವಾಗ ಅದನ್ನು ತಳ್ಳುವುದು ಬೇಡವೇ ಬೇಡ. ದೀಪವನ್ನೇ ಕೆಳಗಿಳಿಸುವ ವಿಂಚ್ ಇದ್ದರೆ ಕೆಲಸ ಸಲೀಸು; ಆದರೆ ಎಷ್ಟೇ ಇಳಿಸಿದರೂ ಡ್ರಮ್ಮಿನ ಮೇಲೆ ಹಗ್ಗದ 3 ಸುತ್ತಾದರೂ ಉಳಿದಿರಬೇಕು. ಇಳಿಯುವಾಗ, ಏರುವಾಗ ಕೆಳಗೆ ಯಾರೂ ಇರಕೂಡದು.

ಮೇಲೆ ತಲುಪಿದ ಮೇಲೆ ಒರೆಸುವ ಬಟ್ಟೆ ಕೈಗೆತ್ತಿಕೊಳ್ಳುವ ಮುಂಚೆ ಟಾರ್ಚ್ ತೆಗೆಯಿರಿ. ಕೊಕ್ಕೆಗೂ ಸರಪಳಿಯ ಮೊದಲ ಕೊಂಡಿಗೂ ತಾಗುವ ಜಾಗವನ್ನು ನೋಡಿ. ಸವೆತವೆಲ್ಲ ಇರುವುದು ಕೊಂಡಿಯ ಒಳ ಬಾಗಿನಲ್ಲಿ, ಹೊರಗಿನಿಂದ ಕಾಣುವುದಿಲ್ಲ. ಫ್ಯಾನಿನ ಗಾಳಿಗೆ ದೀಪ ಕೂದಲೆಳೆಯಷ್ಟು ಆಡುತ್ತಲೇ ಇರುತ್ತದೆ. ಹಗಲೂ ಇರುಳೂ, ವರ್ಷಗಟ್ಟಲೆ, ಕಬ್ಬಿಣ ಕಬ್ಬಿಣವನ್ನು ಉಜ್ಜುತ್ತದೆ. ಅಲ್ಲಿ ಕೆಂಪು ಪುಡಿ ಉದುರಿ ಕೆಳಗಿನ ಬಟ್ಟಲಿನ ಮೇಲೆ ಕೂತಿದ್ದರೆ ಅದು ಬರೀ ತುಕ್ಕಲ್ಲ, ಕೊಂಡಿ ಕರಗುತ್ತಿರುವ ಲೆಕ್ಕ. ಭಾರವನ್ನು ಬೇರೆ ಹಗ್ಗಕ್ಕೆ ವರ್ಗಾಯಿಸಿ, ಕೊಂಡಿಯನ್ನು ಸಡಿಲಿಸಿ, ದಪ್ಪ ಅಳೆಯುವ ವರ್ನಿಯರ್ ಅಳತೆಗೋಲು ಹಿಡಿದು ಅಳೆಯಿರಿ. ಸವೆಯದ ಭಾಗ 10 ಮಿಲಿಮೀಟರ್ ದಪ್ಪವಿದ್ದು ಸವೆದದ್ದು 9ಕ್ಕೆ ಬಂದಿದ್ದರೆ ಅದನ್ನು ಬದಲಿಸಲೇಬೇಕು. ಮರದ ತೊಲೆಗೆ ತಿರುಗಿಸಿದ ಕೊಕ್ಕೆಯಾದರೆ ಅದರ ಬುಡದ ಸುತ್ತ ಮರ ಕಪ್ಪಾಗಿದೆಯೇ, ಮೆತ್ತಗಾಗಿದೆಯೇ ಎಂದು ಮೊಳೆಯ ತುದಿಯಿಂದ ಚುಚ್ಚಿ ನೋಡಿ. ಮುಖ್ಯ ಸರಪಳಿಯ ಜೊತೆಗೆ, ಬೇರೆಯದೇ ಕೊಕ್ಕೆಗೆ ಕಟ್ಟಿದ ಉಕ್ಕಿನ ತಂತಿ ಹಗ್ಗವೊಂದು ಇರಲೇಬೇಕು. ಮೊದಲನೆಯದು ಹರಿದರೆ ಅದು ಹಿಡಿಯುತ್ತದೆ.

ಒರೆಸುವಾಗ ಹಲವರು ಮಾಡುವ ದೊಡ್ಡ ತಪ್ಪೊಂದಿದೆ. ನಿಂತಲ್ಲೇ ನಿಂತು ದೀಪವನ್ನು ತಿರುಗಿಸುತ್ತಾರೆ. ಬಹಳಷ್ಟು ತೂಗುದೀಪಗಳ ನಡುವಿನ ಕೊಳವೆ ಮೇಲೆ ಮರೆಯಿಂದ, ಅಂದರೆ ಸ್ಕ್ರೂ ಹಲ್ಲಿನಿಂದ ಕೂತಿರುತ್ತದೆ. ಎಡಕ್ಕೆ ತಿರುಗಿಸಿದಷ್ಟೂ ಬಿಚ್ಚುತ್ತ ಬರುತ್ತದೆ, ಒಳಗಿನ ವೈರು ಹುರಿಗಟ್ಟುತ್ತದೆ. ದೀಪ ನಿಂತಿರಲಿ, ಸುತ್ತಬೇಕಾದವರು ನಾವು. ಕೊಳವೆಯ ತಿರುಪಿಗೆ ಅಡ್ಡ ಪಿನ್ನು ಇದೆಯೇ ಎಂದು ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ.

ಇನ್ನು ಗಾಜು. ಮೆತ್ತನೆಯ ಕುಂಚದಿಂದ ಮೇಲಿನಿಂದ ಕೆಳಕ್ಕೆ ಧೂಳು ಕೊಡವಿ. ಆಮೇಲೆ 1 ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ 3 ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ. ನಲ್ಲಿ ನೀರು ಬೇಡ, ಅದರಲ್ಲಿರುವ ಸುಣ್ಣದ ಅಂಶ ಒಣಗಿದ ಮೇಲೆ ಬಿಳಿ ಚುಕ್ಕೆಯಾಗಿ ನಿಲ್ಲುತ್ತದೆ. ಎರಡು ಕೈಗೂ ಬಿಳಿ ಹತ್ತಿಯ ಗ್ಲೌಸ್ ಹಾಕಿಕೊಂಡು ಒಂದನ್ನು ದ್ರಾವಣದಲ್ಲಿ ಅದ್ದಿ ಹಿಂಡಿ, ಇನ್ನೊಂದು ಒಣಗಿರಲಿ. ದೀಪದಿಂದ ತೂಗುವ ಒಂದೊಂದು ಗಾಜಿನ ಹರಳನ್ನೂ ಒದ್ದೆ ಕೈಯಲ್ಲಿ ಹಿಡಿದು ಉಜ್ಜಿ, ಒಣ ಕೈಯಿಂದ ಒರೆಸಿ ಬಿಡಿ. ಕೊಳೆ ಎಷ್ಟು ಬರುತ್ತಿದೆಯೆಂದು ಗ್ಲೌಸ್‌ನ ಬಿಳುಪೇ ಹೇಳುತ್ತದೆ. ಬೂದಿಬಣ್ಣವಾದರೆ ಧೂಳು. ಕಂದು ಬಣ್ಣವಾಗಿ ಬೆರಳು ಅಂಟಿದರೆ ಎಣ್ಣೆಮಸಿ, ದ್ರಾವಣ ಬದಲಿಸುವ ಹೊತ್ತಾಯಿತು. ಸ್ಪ್ರೇ ಬಾಟಲಿಯನ್ನು ದೀಪದ ಕಡೆ ತಿರುಗಿಸಲೇಬೇಡಿ. ಸಿಂಪಡಿಸಿದ್ದು ಗಾಜಿನ ಮೇಲಷ್ಟೇ ನಿಲ್ಲುವುದಿಲ್ಲ, ಹೋಲ್ಡರ್ ಒಳಗೂ ಹರಳಿನ ಪಿನ್ನುಗಳ ಸಂದಿಗೂ ಇಳಿದು ಕೂರುತ್ತದೆ. ಆಲ್ಕೋಹಾಲ್ ಬೆಂಕಿ ಹಿಡಿಯುವ ವಸ್ತು ಎಂಬುದು ನೆನಪಿರಲಿ. ಕೆಲಸ ನಡೆಯುವಷ್ಟು ಹೊತ್ತು ಒಳಗೆ ಒಂದು ಬತ್ತಿಯೂ ಉರಿಯಬಾರದು, ಕಿಟಕಿಗಳು ತೆರೆದಿರಬೇಕು.

ಬಹಳ ವರ್ಷ ಮುಟ್ಟದೇ ಇದ್ದ ದೀಪವಾದರೆ ಹರಳುಗಳನ್ನು ಬಿಚ್ಚಿ ತೊಳೆಯಬೇಕಾಗುತ್ತದೆ. ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಒಂದೇ ಪಕ್ಕದಿಂದ ಬಿಚ್ಚುತ್ತ ಹೋದರೆ ದೀಪ ಇನ್ನೊಂದು ಕಡೆಗೆ ವಾಲುತ್ತದೆ, ಎದುರುಬದುರು ಜೋಡಿಯಾಗಿ ತೆಗೆಯಿರಿ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ದಪ್ಪ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿ ಹಾಕಿ, ಒಂದೊಂದಾಗಿ ಅದ್ದಿ ತೊಳೆಯಿರಿ. ಕೊನೆಯ ಸಲ ಜಾಲಿಸುವುದು ಡಿಸ್ಟಿಲ್ಡ್ ವಾಟರ್‌ನಲ್ಲಿ. ಮುರಿದ ಪಿನ್ನಿನ ಬದಲು ಹಿತ್ತಾಳೆಯದೇ ಹಾಕಿ. ಕಬ್ಬಿಣದ ತಂತಿ ಸುತ್ತಿದರೆ ಮುಂದಿನ ಸಲಕ್ಕೆ ಹರಳಿನ ತೂತಿನ ಸುತ್ತ ತುಕ್ಕಿನ ಕಲೆ ಬಂದಿರುತ್ತದೆ.

ಈ ಆಲ್ಕೋಹಾಲ್ ದ್ರಾವಣ ಗಾಜಿಗೆ ಮಾತ್ರ. ಅಕ್ರಿಲಿಕ್ ಶೇಡಿಗೆ ತಾಗಿಸಿದರೆ ಕೂದಲಿನಂಥ ಬಿರುಕುಗಳು ಏಳುತ್ತವೆ, ಆಮೇಲೆ ಅದಕ್ಕೆ ಮದ್ದಿಲ್ಲ. ಅದಕ್ಕೆ ಸೋಪಿನ ನೀರು ಸಾಕು. ಬಣ್ಣ ಬಳಿದ ಗಾಜಾದರೆ ಮರೆಯ ಮೂಲೆಯಲ್ಲಿ ಒದ್ದೆ ಹತ್ತಿಯ ಕಡ್ಡಿ ಒತ್ತಿ ನೋಡಿ. ಹತ್ತಿಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ, ಒಣ ಕುಂಚವೇ ಅದಕ್ಕೆ ಗತಿ.

ಹಿತ್ತಾಳೆಯ ವಿಷಯದಲ್ಲಿ ಉತ್ಸಾಹವೇ ಶತ್ರು. ಮೊದಲು ಅದರ ಮೇಲೆ ಲ್ಯಾಕರ್ ಎಂಬ ಪಾರದರ್ಶಕ ಲೇಪ ಇದೆಯೇ ತಿಳಿದುಕೊಳ್ಳಬೇಕು. ಕಾಣದ ಜಾಗದಲ್ಲಿ ಬಿಳಿ ಬಟ್ಟೆಗೆ ಪಾಲಿಶ್ ಹಚ್ಚಿ ಉಜ್ಜಿ. ಬಟ್ಟೆ ಕಪ್ಪಾದರೆ ಬರೀ ಲೋಹ. ಕಪ್ಪಾಗದಿದ್ದರೆ ಲೇಪವಿದೆ, ಪಾಲಿಶ್ ಪಕ್ಕಕ್ಕಿಟ್ಟು ಸೋಪಿನ ನೀರಲ್ಲಿ ಒರೆಸಿದರೆ ಮುಗಿಯಿತು. ಚಿನ್ನದ ತೆಳು ಲೇಪ ಇದ್ದರಂತೂ ಪಾಲಿಶ್ ಹತ್ತಿರ ತರಲೇಬೇಡಿ, ಉಜ್ಜಿದ ಪ್ರತಿ ಸಲವೂ ಚಿನ್ನವೇ ಬಟ್ಟೆಗೆ ಬರುತ್ತದೆ. ಹುಳಿ ಹಾಕಿ ತಿಕ್ಕಿದರೆ ಹಿತ್ತಾಳೆ ಥಟ್ಟನೆ ಹೊಳೆಯುವುದು ನಿಜ. ಆದರೆ ಬಹಳ ಹೊತ್ತು ಬಿಟ್ಟರೆ ಹುಳಿ ಲೋಹದೊಳಗಿನ ಸತುವನ್ನು ತಿಂದು ತಾಮ್ರದ ಗುಲಾಬಿ ಬಣ್ಣ ಹೊರಬರುತ್ತದೆ. ಸರಿಯಾಗಿ ತೊಳೆಯದಿದ್ದರೆ ಸಂದಿಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಮೇಣ ಸುರಿದಿದ್ದರೆ ಚಾಕುವಿನಿಂದ ಕೆರೆಯಬೇಡಿ. ಹೇರ್ ಡ್ರೈಯರ್‌ನ ಬಿಸಿಗಾಳಿ ಹಿಡಿದರೆ ಕರಗುತ್ತದೆ, ಬಟ್ಟೆಯಲ್ಲಿ ಒತ್ತಿ ತೆಗೆಯಬಹುದು.

ಅಮೋನಿಯ ಬೆರೆತ ಗಾಜಿನ ಕ್ಲೀನರ್‌ಗಳನ್ನು ಹಿತ್ತಾಳೆಯ ದೀಪಕ್ಕೆ ಬಳಸಲೇಬಾರದು. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆ ಮಳೆಗಾಲದಲ್ಲಿ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಯಾರೂ ಮುಟ್ಟದಿದ್ದರೂ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯ ಮತ್ತು ಲೋಹವನ್ನು ಬಡಿದು ಬಾಗಿಸುವಾಗ ಒಳಗೇ ಉಳಿದ ಬಿಗಿತ, ಇವೆರಡೂ ಸೇರಿ ಹಾಗಾಗುತ್ತದೆ ಎಂಬುದು 1921ರಲ್ಲಿ ಸ್ಪಷ್ಟವಾಯಿತು. ತೂಗುದೀಪದ ಬಾಗಿದ ತೋಳುಗಳೂ ಹಾಗೆಯೇ ಬಡಿದು ಬಾಗಿಸಿದವು. ಭಾರ ಹೊತ್ತಿರುವುದೂ ಅವೇ.

ಬಲ್ಬು ತೆಗೆದಾಗ ಹೋಲ್ಡರಿನ ಒಳಗೊಮ್ಮೆ ನೋಡಿ. ತಳದಲ್ಲಿರುವ ಹಿತ್ತಾಳೆಯ ನಾಲಿಗೆ ಚಪ್ಪಟೆಯಾಗಿ ಕೂತಿದ್ದರೆ ಬಲ್ಬಿಗೆ ಸರಿಯಾಗಿ ತಾಗುವುದಿಲ್ಲ. ಚರಚರ ಸದ್ದು, ಮಿಣುಕು, ಆಮೇಲೆ ಸುಟ್ಟ ಕಪ್ಪು. ಕರೆಂಟು ಇಲ್ಲವೆಂದು ಖಚಿತಪಡಿಸಿಕೊಂಡು ಮರದ ಕಡ್ಡಿಯಿಂದ ಅದನ್ನು 2 ಮಿಲಿಮೀಟರಿನಷ್ಟು ಎತ್ತಿ. ಕಪ್ಪು ಆಗಲೇ ಇದ್ದರೆ ಎತ್ತಿ ಪ್ರಯೋಜನವಿಲ್ಲ, ಹೋಲ್ಡರನ್ನೇ ಬದಲಿಸಿ. ತಿರುಗಿಸಿ ಕೂರಿಸುವ ಇ27, ಇ14 ಹೋಲ್ಡರ್‌ಗಳಲ್ಲಿ ಫೇಸ್ ಈ ನಾಲಿಗೆಗೇ ಬರಬೇಕು, ಸುತ್ತಲಿನ ತಿರುಪಿನ ಬಳೆಗೆ ನ್ಯೂಟ್ರಲ್. ಅದಲು ಬದಲಾದರೂ ದೀಪ ಚೆನ್ನಾಗಿಯೇ ಉರಿಯುತ್ತದೆ, ಆದರೆ ಬಲ್ಬು ತಿರುಗಿಸುವವರ ಬೆರಳ ಹತ್ತಿರದ ಬಳೆಯಲ್ಲಿ ಕರೆಂಟು ಕೂತಿರುತ್ತದೆ. ಹಾಗೆಯೇ ಲೋಹದ ಮೈಗೆ ಅರ್ತ್ ತಂತಿ ಬಂದಿದೆಯೇ ನೋಡಿ. ವೈರಿನ ಹೊದಿಕೆ ಬಾಗಿಸಿದರೆ ಪುಡಿಯಾಗುವಂತಿದ್ದರೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಹೊದಿಕೆಯಿಂದ ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ 500 ವೋಲ್ಟ್ ಮೆಗ್ಗರ್ ಅನ್ನು ಅವರು ಹಿಡಿದಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಆ ಪರೀಕ್ಷೆಗೆ ಮುಂಚೆ ಎಲ್‌ಇಡಿ ಬಲ್ಬುಗಳನ್ನೆಲ್ಲ ತೆಗೆದಿರಬೇಕು, ಇಲ್ಲದಿದ್ದರೆ ಅವುಗಳ ಡ್ರೈವರ್, ಅಂದರೆ ಬಲ್ಬಿಗೆ ಕರೆಂಟು ಹೊಂದಿಸುವ ಒಳಗಿನ ಸರ್ಕ್ಯೂಟು, ಸುಟ್ಟುಹೋಗಬಹುದು.

ಎಲ್‌ಇಡಿ ಹಾಕಿದರೆ ಬದಲಿಸುವ ತಾಪತ್ರಯವೇ ಇಲ್ಲ ಎನ್ನುವುದು ಅರ್ಧ ಸತ್ಯ. ಮುಚ್ಚಿದ ಗಾಜಿನ ಬುರುಡೆಯೊಳಗೆ ಸಾಮಾನ್ಯ ಎಲ್‌ಇಡಿ ಹಾಕಿದರೆ ಬಿಸಿ ಹೊರಹೋಗಲು ದಾರಿಯಿಲ್ಲದೆ ಡ್ರೈವರ್‌ನ ಕೆಪಾಸಿಟರ್ ಬೇಗ ಒಣಗುತ್ತದೆ. ಶಾಖ 10 ಡಿಗ್ರಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಬಲ್ಬಿನ ಹಿಂಭಾಗದಲ್ಲಿ ಬಿಸಿ ಹೊರಹಾಕುವ ರೆಕ್ಕೆಗಳ ನಡುವೆ ಧೂಳು ತುಂಬಿದರೂ ಅದೇ ಕಥೆ. ಹಳೆಯ ಡಿಮ್ಮರ್‌ಗೆ ಎಲ್‌ಇಡಿ ಜೋಡಿಸಿದಾಗ ಮಿಣುಕಿದರೆ ಬಲ್ಬನ್ನು ಬೈಯಬೇಡಿ. ನೂರಾರು ವ್ಯಾಟ್‌ನ ತಂತಿ ಬಲ್ಬುಗಳಿಗೆಂದು ಮಾಡಿದ ಡಿಮ್ಮರ್‌ಗೆ 30-40 ವ್ಯಾಟ್ ಲೋಡು ಕಣ್ಣಿಗೇ ಕಾಣುವುದಿಲ್ಲ. ಎಲ್‌ಇಡಿಗೆಂದೇ ಬರುವ ಡಿಮ್ಮರ್ ಹಾಕಬೇಕು, ಬಲ್ಬಿನ ಮೇಲೂ ಡಿಮ್ ಆಗುತ್ತದೆಂದು ಬರೆದಿರಬೇಕು. ಆರಿಸಿದ ಮೇಲೂ ಮಿಣಮಿಣ ಎನ್ನುತ್ತಿದ್ದರೆ ಸ್ವಿಚ್ಚಿನೊಳಗಿನ ಇಂಡಿಕೇಟರ್ ದೀಪವನ್ನೋ, ಆಗಲೇ ಹೇಳಿದ ಹಾಗೆ ನ್ಯೂಟ್ರಲ್‌ಗೆ ಬಿದ್ದ ಸ್ವಿಚ್ಚನ್ನೋ ಅನುಮಾನಿಸಿ.

ಹಳೆಯ ಟ್ಯೂಬ್‌ಲೈಟ್, ಸಿಎಫ್‌ಎಲ್ ಒಡೆದರೆ ಒಳಗಿನ ಪಾದರಸ ಹೊರಬರುತ್ತದೆ. ಎಲ್ಲರೂ ಹೊರನಡೆದು ಕಿಟಕಿ ತೆರೆದು 10 ನಿಮಿಷ ಬಿಡಿ, ಗಟ್ಟಿ ರಟ್ಟಿನಿಂದ ಬಳಿದು ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ, ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ. ಪೊರಕೆಯೂ ಬೇಡ, ವ್ಯಾಕ್ಯೂಮ್ ಕ್ಲೀನರೂ ಬೇಡ.

ಎಲ್ಲ ಜೋಡಿಸಿದ ಮೇಲೆ ಕೂಡಲೇ ಸ್ವಿಚ್ ಹಾಕಬೇಡಿ. ಗಾಜಿನ ತೋಳುಗಳೊಳಗೆ, ಬಟ್ಟಲಿನ ತಳದಲ್ಲಿ ತೇವ ಉಳಿದಿರುತ್ತದೆ, ಒಂದು ರಾತ್ರಿ ಒಣಗಲಿ. ಹೊಸ ಬಲ್ಬಿನ ಬುಡದ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆದಿರಿ. ಮಾರನೆಯ ದಿನ ದೀಪ ಹಾಕಿ ಒಂದು ಗಂಟೆ ಬಿಟ್ಟು, ಅಟ್ಟಣಿಗೆ ಬಿಚ್ಚುವ ಮೊದಲು ಇನ್ನೊಮ್ಮೆ ಏರಿ, ಮುಟ್ಟದೆ, ಹೋಲ್ಡರ್‌ಗಳ ಹತ್ತಿರ ಮೂಗು ಒಯ್ದು ವಾಸನೆ ನೋಡಿ. ಸುಟ್ಟ ವಾಸನೆ ಒಂದು ಕಡೆಯಿಂದ ಬಂದರೂ ಎಂಸಿಬಿ ಮತ್ತೆ ಇಳಿಸಿ, ಆ ಹೋಲ್ಡರ್ ಬಿಚ್ಚಿ.

ನಮಸ್ಕಾರ.